ಸತ್ತೆವ್ವನ ತವರವರು

ಚಟ್ಟಕ್ಕೆ ಕೈಹಾಕಿದ್ದ ನಾಲ್ವರನ್ನೂ ಮನೆಯ ಹಿರಿಯ ಲಗಮಣ್ಣ ಹಿಂದಕ್ಕೆ ಸರಿಸಿದ.

"ತವರ ಸೀರಿ ಬರೂತನಕ ಎತ್ತಂಗಿಲ್ಲ."

ಯಶೋಧರಾ ತನ್ನ ಅವ್ವ ಸತ್ತೆವ್ವನ ತಲೆಯ ಬಳಿ ಕೂತೇ ಕೇಳಿದಳು. "ಬರದಿದ್ರ, ಕಾಕಾ?"

"ಬರದಿದ್ರ ಏನ್ ಮಾಡೂದು? ನಮ್ಮನಿ ಸೀರಿನ ಹೊಚ್ಚಿ ಒಯ್ಯೂದು. ತವರಿಲ್ಲದಾಕಿ ಅಂತಾರ ಮಂದಿ."

ತವರೆಂದರೆ ದಡ್ಡಿ ಎಂಬ ಊರಿನಲ್ಲಿದ್ದ ಅವಳ ತಮ್ಮ ಮಾಲಿಂಗ ಒಬ್ಬನೇ. ಬೆಳಿಗ್ಗೆ ಫೋನು ಮಾಡಿದರೆ "ಹೂಂ" ಎಂದು ಇಟ್ಟಿದ್ದ. ಸತ್ತೆವ್ವ ಆಶಾ ಕಾರ್ಯಕರ್ತೆಯರ ಮುಷ್ಕರಕ್ಕೆಂದು ಬೆಂಗಳೂರಿಗೆ ಹೋಗಿ ನಾಲ್ಕು ದಿನ ರಸ್ತೆಯಲ್ಲಿ ಕೂತು ಬಂದಾಗ, "ಬೀದ್ಯಾಗ ಕುಂತಾಕಿಗೆ ತವರಿಲ್ಲ" ಎಂದವನು ಅವನೇ.

ಸತ್ತೆವ್ವನ ಜೊತೆ ಕೆಲಸ ಮಾಡುತ್ತಿದ್ದ ಶೈಲಾ ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಆಶಾದವರ ಗ್ರೂಪಿಗೆ ಬರೆದಳು: ಅಕ್ಕಗ ತವರ ಸೀರಿ ಬಂದಿಲ್ಲ.

*

ಮುಷ್ಕರದ ಮೂರನೆಯ ಮಧ್ಯಾಹ್ನ ಬೆಲ್ಲದ ಬಾಗೇವಾಡಿಯ ಬಾಳವ್ವನಿಗೆ ಜ್ವರ ಏರಿತ್ತು. ಮೊದಲ ದಿನ ಸತ್ತೆವ್ವ ನೀರಿನ ಬಾಟಲಿ ಚಾಚಿದಾಗ ಆಕೆ "ನೀರಡಿಕಿಲ್ಲ" ಎಂದಿದ್ದಳು. ಅದು ಯಾವ ಓಣಿಯವಳ ಕೈಯ ನೀರೆಂದು ಇಬ್ಬರಿಗೂ ಗೊತ್ತಿತ್ತು.

ಈಗ ಸತ್ತೆವ್ವ ಏನನ್ನೂ ಕೇಳದೆ ಅವಳ ತಲೆಯನ್ನು ತೊಡೆಯ ಮೇಲೆಳೆದುಕೊಂಡು ಕೂದಲ ಸಿಕ್ಕು ಬಿಡಿಸತೊಡಗಿದಳು. ಎದುರಿಗೆ ಘೋಷಣೆ, ಪೊಲೀಸರ ಸೀಟಿ.

"ಜಗ್ಗಬ್ಯಾಡ, ಅಕ್ಕಾ."

"ಜ್ವರ ಬಂದಾಕಿ ಸುಮ್ನ ಮಕ್ಕೋ."

ಬಾಳವ್ವ ಕಣ್ಣು ಮುಚ್ಚಿಯೇ ಕೈ ಚಾಚಿದಳು. "ನೀರ ಕೊಡು."

*

ಹನ್ನೊಂದೂವರೆಗೆ ಹುಕ್ಕೇರಿಯ ಟೆಂಪೊ ಬಂತು. ಅದರ ಹಿಂದೆ ಗೋಕಾಕದ್ದು, ಮೂಡಲಗಿಯದು. ಇಳಿದವರೆಲ್ಲ ಗುಲಾಬಿ ಸಮವಸ್ತ್ರದವರು. ಮುಂದಿದ್ದ ಬಾಳವ್ವನ ಕಂಕುಳಲ್ಲಿ ಮಡಿಕೆ ಬಿಚ್ಚದ ಇನ್ನೊಂದು ಗುಲಾಬಿ ಸೀರೆ.

"ತವರವ್ರು ಬಂದೇವ್ರಿ, ಕಾಕಾ."

"ನೀವ ಯಾರ ಪೈಕಿ?" ಎಂದ ಲಗಮಣ್ಣ.

"ಅಕ್ಕನ ಪೈಕಿ."

ಆತ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನವಳೂ ಚೀಲದಿಂದ ಒಂದು ಸೀರೆ ತೆಗೆದಳು, ಅವಳ ಹಿಂದಿನವಳೂ. ಬೇರೆಯವರು ತರುತ್ತಾರೋ ಇಲ್ಲವೋ ಎಂದು ಒಬ್ಬೊಬ್ಬಳೂ ಟ್ರಂಕಿನಲ್ಲಿದ್ದ ಹೊಸದನ್ನು ಹೊತ್ತು ತಂದಿದ್ದಳು.

"ನೀನೂ ತಂದಿ? ಹೇಳಬಾರದ?"

"ನೀನರ ಎಲ್ಲಿ ಹೇಳಿದಿ?"

ಅಳುತ್ತಿದ್ದವರಿಗೆ ನಗು ಬಂತು.

"ಒಂದ ಸಾಕು, ಉಳದದ್ದು ತಿರಗಿ ಒಯ್ರಿ," ಎಂದರು ಗುಂಪಿನಲ್ಲಿ ಯಾರೋ.

"ಹೆಣಕ್ಕ ತಂದ ಸೀರಿ ತಿರಗಿ ಮನಿಗೆ ಹೋಗಂಗಿಲ್ಲ." ರೂಢಿಯ ವಿಷಯದಲ್ಲಿ ಲಗಮಣ್ಣ ಯಾರ ಮಾತನ್ನೂ ಕೇಳುವವನಲ್ಲ. "ಪಾಳಿ ಹಚ್ಚರಿ. ಒಬ್ಬೊಬ್ರ ಬಂದು ಹೊಚ್ಚರಿ."

ಪಾಳಿ ಅಂಗಳ ದಾಟಿ, ಮೇಲಿನ ಓಣಿ ದಾಟಿ, ಬಸ್‌ಸ್ಟ್ಯಾಂಡು ಮುಟ್ಟಿತು. ಪ್ರತಿ ಸೀರೆಗೂ ಯಶೋಧರಾ ಒಂದು ತುದಿ ಹಿಡಿದಳು. ಇಪ್ಪತ್ತು ದಾಟಿದ ಮೇಲೆ ಅವ್ವನ ಆಕಾರವೇ ತಿಳಿಯಲಿಲ್ಲ. ಚಟ್ಟದ ಮೇಲೆ ಗುಲಾಬಿ ದಿಬ್ಬ ಏಳುತ್ತಿತ್ತು.

"ಹಾದಿ ಬಿಡ್ರಿ. ನಾ ಖಾಸಾ ತಮ್ಮ."

ಮಾಲಿಂಗ ಬೆವರಿದ್ದ. ಕೈಯಲ್ಲಿ ಅಂಗಡಿಯ ಚೀಲ, ಅದರೊಳಗೆ ಹಸಿರು ಸೀರೆ.

ಮೂಡಲಗಿಯವಳೊಬ್ಬಳು ಹೊರಳಿ ನೋಡಿದಳು. "ನಾವೂ ಖಾಸಾದವ್ರ ಅದೇವಿ, ಅಣ್ಣಾ. ಪಾಳಿಗೆ ನಿಂದ್ರು."

ಅವನು ತಲೆಗಳ ಮೇಲಿಂದ ಯಶೋಧರಾಳನ್ನು ಹುಡುಕಿದ. ಅವಳು ಹಿಡಿದಿದ್ದ ಸೆರಗು ಬಿಡಲಿಲ್ಲ.

"ಹಿಂದ ಹೋಗು, ಮಾಮಾ."

ಮಾಲಿಂಗ ಬಸ್‌ಸ್ಟ್ಯಾಂಡಿನವರೆಗೂ ನಡೆದು ಹೋಗಿ ಕೊನೆಯವಳ ಬೆನ್ನಿಗೆ ನಿಂತ. ಪಾಳಿ ಸರಿಯಿತು. ಚೀಲವನ್ನು ಎದೆಗೊತ್ತಿಕೊಂಡು ಅವನೂ ಒಂದು ಹೆಜ್ಜೆ ಮುಂದಿಟ್ಟ.