ವೀಳ್ಯ ಬೀಳುವ ತನಕ

“ಹ್ವಾಯ್ ಕುಷ್ಟ, ಮೇಡಂ ಬಪ್ಪು ಹೊತ್ತಾಯ್ತ್. ಬೋಳಿಮಗನೆ, ಬೇಲಿ ಬುಡ್ದಲ್ ಕೂಕಂಡ್ ಎಲಿ ತಿಂತ್ಯಾ? ಡೋಲು ಎಲ್ಲಿತ್ತಾ?”

ಕೂಗಿದವರು ದೊಡ್ಮನೆ ಚಂದಯ್ಯ ಒಡೆಯರು, ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು. ಬೈಸಿಕೊಂಡವನು ನನ್ನ ಗಂಡ. ನಾನು ಹಿಡಿಸೂಡಿ ಹಿಡಿದು ಶಾಲೆಯ ಅಂಗಳ ಗುಡಿಸುತ್ತಿದ್ದೆ. ತಲೆಯ ಮೇಲೆ ಈ ಕಂಬದಿಂದ ಆ ಕಂಬಕ್ಕೆ ಬ್ಯಾನರ್ ಕಟ್ಟಿದ್ದರು: ‘ಅಜಲು ಪದ್ಧತಿ ನಿಷೇಧ ಅರಿವು ಶಿಬಿರ’.

ಅಜಲು ಅಂದರೆ ಗೊತ್ತಿಲ್ಲದವರು ಪುಣ್ಯವಂತರು. ಕಂಬಳಕ್ಕೆ, ಸಾವಿಗೆ, ಸೀಮಂತಕ್ಕೆ ನಮ್ಮಂಥ ಕೊರಗರನ್ನು ಡೋಲು ಬಾರಿಸಲು ಕರೆಯುವುದು, ಬಾರಿಸಿದ ಮೇಲೆ ಎಂಜಲೆಲೆ ತೋರಿಸುವುದು, ಬರುವುದಿಲ್ಲ ಅಂದವನ ಬೆನ್ನು ಮುರಿಯುವುದು. ಅದನ್ನು ಸರಕಾರ ನಿಲ್ಲಿಸಿ ನಾಲ್ಕು ವರ್ಷ ಆಯಿತಂತೆ. ಆ ಸುದ್ದಿ ನಮಗೆ ಹೇಳಲು ಉಡುಪಿಯಿಂದ ಮೇಡಂ ಬರುವವರಿದ್ದರು. ಮೇಡಮ್ಮನ್ನು ಎದುರುಗೊಳ್ಳಲು ಡೋಲು ಬೇಕಿತ್ತು. ಡೋಲಿಗೆ ನಾವು ಬೇಕಿತ್ತು.

ಯೋಗೀಶ ಮಾಷ್ಟ್ರು ಕಾರ್ಯಕ್ರಮ ಪಟ್ಟಿಯ ಕಾಗದ ಹಿಡಿದುಕೊಂಡು ಒಡೆಯರ ಹತ್ತಿರ ಬಂದರು. ಪಾಪದ ಮನುಷ್ಯ, ಒಂದರಿಂದ ಐದನೇ ಕ್ಲಾಸಿನ ತನಕ ಅವರೊಬ್ಬರೇ.

“ಒಡೇರೆ, ಒಂದ್ನೇದ್ ಡೋಲಿನ ಸ್ವಾಗತ ಅಂದ್ ಇತ್ತ್. ಐದ್ನೇದ್, ಡೋಲು ಬಾರ್ಸುಕೆ ಕರೆದ್ರೆ ಜೈಲ್ ಅಂಬು ಭಾಷಣ. ಒಂಚೂರ್ ಅಡ್ಡ ಆತಿಲ್ಯಾ?”

“ಎಂತ ಅಡ್ಡ? ಒಂದಕ್ಕೂ ಐದಕ್ಕೂ ನಡು ಮೂರ್ ಇತ್ತಲೆ.”

ಮಾಷ್ಟ್ರು ಬೆರಳು ಮಡಚಿ ನೋಡಿದರು. ಲೆಕ್ಕ ಸರಿಯೇ ಇತ್ತು.

ಆ ಐದನೆಯದು ನನ್ನ ಮಗಳು ನವ್ಯಾ ಬರೆದದ್ದು. ಶಾಲೆಯ ಹತ್ತೊಂಬತ್ತು ಮಕ್ಕಳಲ್ಲಿ ಹನ್ನೊಂದು ನಮ್ಮ ಕೊರಗರ ಕೇರಿಯವು. ಒಡೆಯರ ಮನೆಯ ಮಕ್ಕಳೆಲ್ಲ ವ್ಯಾನು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗುತ್ತವೆ. ನಮ್ಮವು ಬಾರದಿದ್ದರೆ ಒಡೆಯರಿಗೆ ಅಧ್ಯಕ್ಷರಾಗಲು ಶಾಲೆಯೇ ಇರುತ್ತಿರಲಿಲ್ಲ. ನವ್ಯಾ ಐದನೇ ಕ್ಲಾಸು. ಆ ಭಾಷಣವನ್ನು ನಾನು ಬುಟ್ಟಿ ಹೆಣೆಯುವಾಗ ಎದುರು ನಿಂತು ಎಷ್ಟು ಸಲ ಓದಿದ್ದಳೋ, ನನಗೇ ಬಾಯಿಪಾಠ.

ನಾನೂ ಇದೇ ಶಾಲೆಯಲ್ಲಿ ಎರಡನೇ ಕ್ಲಾಸಿನವರೆಗೆ ಕಲಿತವಳು. ಆಗ ನಮ್ಮನ್ನು ಕಿಟಕಿಯ ಹೊರಗೆ ಕೂರಿಸುತ್ತಿದ್ದರು. ಅಲ್ಲಿಂದ ಕರಿಹಲಗೆಯ ಬಲಗಡೆ ಮಾತ್ರ ಕಾಣುತ್ತಿತ್ತು. ಹಾಗಾಗಿ ಮಗ್ಗಿಯ ಉತ್ತರ ಎಲ್ಲ ಗೊತ್ತು, ಯಾವುದರ ಉತ್ತರ ಅಂತ ಗೊತ್ತಿಲ್ಲ. ನವ್ಯಾ ಮೈಕಿನ ಮುಂದೆ ನಿಂತು ಪೂರ್ತಿ ಓದಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಹಿಂದಿನ ದಿನ ಸಂಜೆ ಮಾಷ್ಟ್ರು ನಮ್ಮ ಬೇಲಿಯ ಆಚೆ ನಿಂತು ಹೇಳಿದರು.

“ವನಜ, ಬೇಜಾರ್ ಮಾಡ್ಕಣ್ಬೇಡ. ಭಾಷಣ ಪ್ರೇಕ್ಷಾ ಓದ್ತ್ ಅಂಬ್ರ್.”

ಪ್ರೇಕ್ಷಾ ಅಂದರೆ ಒಡೆಯರ ಮೊಮ್ಮಗಳು.

“ಎಂತಕೆ ಸರ್?”

“ಫೋಟೋ ತೆಗೂಕೆ ಬತ್ರ್. ಹೆಣ್ಣ್ ಕಾಂಬುಕೆ ಲಾಯ್ಕ್ ಇರ್ಕ್ ಅಂದ್ರ್ ಒಡೇರ್.”

ನವ್ಯಾ ಒಳಗಿಂದ ಬಂದಳು. “ಸರ್, ಸುರುವಿಗೇ ‘ನಾನು ಕೊರಗರ ಹುಡುಗಿ’ ಅಂದ್ ಇತ್ತಲೆ. ಅದನ್ನ ಅದ್ ಹ್ಯಾಂಗ್ ಓದ್ತ್?”

“ಆ ಸಾಲ್ ತೆಗ್ಸಿರ್.”

“ಹಂಗಾರೆ ನಾನೆಂತ ಮಾಡ್ಕ್?”

“ನೀ ಸ್ಟೇಜಿನ್ ಕರಿಹಲಗಿ ಹಿಂದೆ ಕೂಕಣ್ಕ್. ಪ್ರೇಕ್ಷಾಗೆ ಕನ್ನಡ ಓದೂಕೆ ಬತ್ತಿಲ್ಲೆ, ಇಂಗ್ಲಿಷ್ ಅಕ್ಷರ್ದಗೆ ಬರ್ದ್ ಕೊಟ್ಟಿದೆ. ತಪ್ಪಿರೆ ಮೆಲ್ಲ ಹೇಳಿಕೊಡ್ಕ್.”

ನವ್ಯಾ ಅಳಲಿಲ್ಲ, ಊಟ ಬೇಡ ಅಂದಳು. ಎಲ್ಲ ಕೇಳಿಸಿಕೊಂಡಿದ್ದ ಕುಷ್ಟ ಎದ್ದು ಡೋಲು ಇಳಿಸಿ, ಚರ್ಮ ಕಾಯಿಸಲು ಬೆಂಕಿ ಮಾಡಿದ.

“ಮಗಳ ಬಾಯಿ ಮುಚ್ಚಿರ್, ನೀವ್ ಡೋಲು ಕಾಸ್ತ್ರಿ. ನಾಚ್ಕಿ ಆತಿಲ್ಯಾ?” ಎಂದೆ.

“ಬಾರ್ಸ್ತೆ ವನಜ,” ಅಂದ. “ಕಟ್ಟಳೆ ಹ್ಯಾಂಗ್ ಇತ್ತೋ ಹಾಂಗೇ ಬಾರ್ಸ್ತೆ.”

ಕಟ್ಟಳೆ ಇದು. ಡೋಲು ಶುರು ಮಾಡಿಸುವವರು ಒಡೆಯರು, ನಿಲ್ಲಿಸುವವರೂ ಅವರೇ. ಅವರು ನಮ್ಮ ಕಾಲ ಬುಡದ ಮಣ್ಣಿಗೆ ವೀಳ್ಯ ಎಸೆದರೆ ಮಾತ್ರ ಕೋಲು ಕೆಳಗಿಡಬೇಕು. ಕೈಗೆ ಕೊಡುವಂತಿಲ್ಲ, ಮೈಲಿಗೆಯಾಗುತ್ತದೆ. ಒಂದು ಕಂಬಳದಲ್ಲಿ ಒಡೆಯರ ಅಪ್ಪ ಕುಡಿದು ಮಲಗಿಬಿಟ್ಟರು. ವೀಳ್ಯ ಬೀಳಲಿಲ್ಲ. ನನ್ನ ಮಾವ ಮರುದಿನದ ತನಕ ಬಾರಿಸಿದ. ಆಮೇಲೆ ಆ ಬೆರಳುಗಳು ಬುಟ್ಟಿ ಹೆಣೆಯಲಿಲ್ಲ.

ಶಿಬಿರದ ಬೆಳಿಗ್ಗೆ ಹತ್ತೂವರೆಗೆ ಮೇಡಮ್ಮಿನ ಜೀಪು ಬಂತು. ಒಡೆಯರು ಕೈ ಬೀಸಿದರು, ಕುಷ್ಟ ಶುರು ಮಾಡಿದ. ಮೇಡಮ್ಮಿಗೆ ಹೂವು ಕೊಟ್ಟಾಯಿತು, ವೇದಿಕೆ ಹತ್ತಿಸಿಯಾಯಿತು, ಡೋಲು ನಿಲ್ಲಲಿಲ್ಲ. ಪ್ರಾರ್ಥನೆಗೆ ಎದ್ದ ಮಕ್ಕಳು ಬಾಯಿ ಆಡಿಸಿ ಕೂತವು. ಒಡೆಯರು ಕೈ ಸನ್ನೆ ಮಾಡಿದರು. ಕುಷ್ಟ ಅವರನ್ನೇ ನೋಡುತ್ತ ಇನ್ನಷ್ಟು ಜೋರು ಬಾರಿಸಿದ.

ಮೇಡಂ ಒಡೆಯರ ಕಿವಿಯ ಹತ್ತಿರ ಕಿರುಚಿದರು. “ಇವರನ್ನು ಯಾರು ಕರೆಸಿದ್ದು?”

ಒಡೆಯರು ಪುಸ್ತಕದ ಕನ್ನಡದಲ್ಲಿ ಕಿರುಚಿದರು. “ಯಾರೂ ಕರೆಸಿಲ್ಲ ಮೇಡಂ. ಅವರಾಗಿಯೇ ಬಂದದ್ದು. ಖುಷಿಗೆ.”

ಮೇಡಂ ಅದನ್ನು ಬರೆದುಕೊಂಡರು. ಖುಷಿಗೆ ಬಾರಿಸುವವನನ್ನು ನಿಲ್ಲಿಸು ಅನ್ನುವುದು ಹೇಗೆ?

ಸ್ವಾಗತ ಭಾಷಣ ಯಾರಿಗೂ ಕೇಳಲಿಲ್ಲ. ಮುಖ್ಯ ಅತಿಥಿಗಳ ಭಾಷಣ ಮುಖ್ಯ ಅತಿಥಿಗಳಿಗೂ ಕೇಳಲಿಲ್ಲ. ಪ್ರೇಕ್ಷಾ ಜರಿ ಲಂಗದಲ್ಲಿ ಮೈಕಿನ ಮುಂದೆ ನಿಂತು ಬಾಯಿ ತೆರೆದು ಮುಚ್ಚಿದಳು. ಬಾಯಿ ಮುಚ್ಚಿದಾಗಲೆಲ್ಲ ಮುಗಿಯಿತು ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಒಡೆಯರು ಇಳಿದು ಬಂದರು, ಮುಖದಲ್ಲಿ ಫೋಟೋದ ನಗು ಹಾಗೇ ಇತ್ತು. “ಸಾಕಾ, ನಿಲ್ಸಾ ಬೇವರ್ಸಿ.”

“ವೀಳ್ಯ ಬೀಳ್ಲಿಲ್ಲೆ ಒಡೇರೆ. ನಿಮ್ದೇ ಕಟ್ಟಳೆ.”

ಮಾಷ್ಟ್ರು ಓಡಿ ಸ್ವಾಗತದ ಹರಿವಾಣದಿಂದ ವೀಳ್ಯ ತಂದು ತಾವೇ ಚಾಚಿದರು. “ನೀವ್ ಒಡೇರಲ್ಲ ಸರ್,” ಅಂದ ಕುಷ್ಟ. ಮಾಷ್ಟ್ರು ಅದನ್ನು ಒಡೆಯರ ಕೈಗೆ ದಾಟಿಸಿ ಹಿಂದೆ ಸರಿದರು.

ಒಡೆಯರು ಎಸೆಯಲು ಕೈ ಎತ್ತಿದರು. ಫೋಟೋದವನು ಕ್ಯಾಮರಾ ಎತ್ತಿದ. ಮೇಲೆ ಬ್ಯಾನರು, ಹಿಂದೆ ಪೆನ್ನು ಹಿಡಿದ ಮೇಡಂ. ಕೈ ಇಳಿಯಿತು.

“ಕೈಯಗೆ ಕೊಟ್ರೂ ಆತ್ತ್ ಒಡೇರೆ,” ಅಂದ ಕುಷ್ಟ. “ಮನ್ಸ್ರಿಗೆ ಕೊಟ್ಟಂಗೆ.”

ಎದುರಿನ ಸಾಲಿನಲ್ಲಿ ದೊಡ್ಮನೆಯ ನೆಂಟರಿಷ್ಟರೆಲ್ಲ ಕುರ್ಚಿ ಹಾಕಿ ಕೂತಿದ್ದರು. ಒಡೆಯರು ಅವರನ್ನು ನೋಡಿದರು, ಮೇಡಮ್ಮನ್ನು ನೋಡಿದರು, ಎಲೆಯನ್ನು ನೋಡಿದರು. ಎಸೆಯಲೂ ಆಗದೆ ಕೊಡಲೂ ಆಗದೆ ನಡು ಅಂಗಳದಲ್ಲಿ ನಿಂತುಬಿಟ್ಟರು. ಪಾಪ ಅನಿಸಬೇಕಿತ್ತು. ಅನಿಸಲಿಲ್ಲ.

ಆಗ ಕರಿಹಲಗೆಯ ಹಿಂದಿನಿಂದ ನವ್ಯಾ ಎದ್ದು ಬಂದಳು. ಹಲಗೆಯ ಮೇಲೆ ಮಾಷ್ಟ್ರು ಬಣ್ಣದ ಸೀಮೆಸುಣ್ಣದಲ್ಲಿ ‘ಸುಸ್ವಾಗತ’ ಬರೆದಿದ್ದರು. ಲಂಗದ ಅಂಚಿನಿಂದ ಅದನ್ನು ಒರೆಸಿದಳು. ಕೈಗೆ ಎಟಕುವಷ್ಟು ಮೇಲೆ, ಎಡ ತುದಿಯಿಂದ ಬರೆಯಲು ಶುರು ಮಾಡಿದಳು.

ನಾನು ಬದಿಯಲ್ಲಿ ನಿಂತಿದ್ದೆ. ನನಗೆ ಕಂಡದ್ದು ಬಲಗಡೆಯ ಅರ್ಧ ಮಾತ್ರ. ಹಿಡಿಸೂಡಿ ಅಲ್ಲೇ ಹಾಕಿ, ಕುರ್ಚಿಗಳ ನಡುವೆ ನುಗ್ಗಿ ಹೋಗಿ ಹಲಗೆಯ ಎದುರಿಗೇ ನಿಂತೆ. “ಥೂ, ಆಚೆ ಹೋಗ್ ರಂಡೆ, ಮುಟ್ಟಿಬಿಟ್ಲಲೆ,” ಅಂತ ಯಾರೋ ಹಾರಿ ಎದ್ದರು. ನಾನು ಒಂದೊಂದೇ ಅಕ್ಷರ ಕೂಡಿಸಿದೆ.

ನಾನು ಕೊರಗರ ಹುಡುಗಿ. ಇವತ್ತು ನನ್ನ ಅಪ್ಪಯ್ಯನನ್ನು ಡೋಲು ಬಾರಿಸಲು ಕರೆದವರು…

ಎರಡನೇ ಸಾಲು ನನಗೆ ಬಾಯಿಪಾಠ ಇದ್ದ ಭಾಷಣದಲ್ಲಿ ಇರಲಿಲ್ಲ. ಅಷ್ಟು ಬರೆದು ಅವಳು ತಿರುಗಿ ಒಡೆಯರನ್ನು ನೋಡಿದಳು. ಮೇಡಮ್ಮಿನ ಪೆನ್ನು ನಿಂತಿತ್ತು. ಕುಷ್ಟನ ಬೆರಳ ಸಂದಿಯಿಂದ ರಕ್ತ ಕೋಲಿಗೆ ಇಳಿಯುತ್ತಿತ್ತು, ಬಡಿತ ತಪ್ಪಿರಲಿಲ್ಲ. ಒಡೆಯರ ಮುಷ್ಟಿಯಲ್ಲಿ ವೀಳ್ಯದೆಲೆ ಹಿಂಡಿಹೋಗಿ ಹಸಿರು ನೀರು ಬಿಳಿ ಪಂಚೆಗೆ ತೊಟ್ಟಿಕ್ಕುತ್ತಿತ್ತು.

ನವ್ಯಾ ಹಲಗೆಯ ಕಡೆ ತಿರುಗಿ ಇನ್ನೊಂದು ತುಂಡು ಸೀಮೆಸುಣ್ಣ ತೆಗೆದುಕೊಂಡಳು.