ಅನುರಾಧಾಳ ಲೆನ್ಸಿಗೆ ವಿಮೆ

ಬನಹಟ್ಟಿಯ ನೇಕಾರ ಮಲಕಾಜಪ್ಪನ ಮಗ್ಗದಲ್ಲಿ ಎಳೆ ಹರಿದರೆ ಮೊದಲು ಕಾಣುತ್ತಿದ್ದುದು ಮಗಳು ಅನುರಾಧಾಳಿಗೆ. ಎರಡು ವರ್ಷದ ಹಿಂದೆ ಅವಳಿಗೆ ಒಂದೇ ಎಳೆ ಮೂರಾಗಿ ಕಾಣತೊಡಗಿತು. ನಾಲ್ಕು ಸಲ ಚಷ್ಮಾ ಬದಲಿಸಿದರೂ ಉಪಯೋಗವಾಗಲಿಲ್ಲ. ಕಣ್ಣಿನ ಮುಂಭಾಗದ ತಿಳಿ ಪದರ ತೆಳುವಾಗಿ ಉಬ್ಬಿದೆ, ಇದು ಕೆರಟೋಕೋನಸ್ ಎಂದರು ಡಾಕ್ಟರು. ಕಣ್ಣಿನ ಮೇಲೇ ಕೂರುವ ಸ್ಕ್ಲೆರಲ್ ಲೆನ್ಸ್ ಎಂಬ ದೊಡ್ಡ ಲೆನ್ಸನ್ನು ಹಾಕಿ ನೋಡಿದ ದಿನ, ಅಕ್ಷರ ಫಲಕದ ಕೊನೆಯ ಸಾಲನ್ನು ಓದಿ ಅವಳು ಅತ್ತಳು.

ಲೆನ್ಸ್ ಬಲು ದುಬಾರಿ. ಮಲಕಾಜಪ್ಪ ಒಂದು ಕಣ್ಣಿಗಷ್ಟೇ ಕೊಂಡು ಬಿಲ್ಲನ್ನು ವಿಮಾ ಕಂಪನಿಗೆ ಕಳಿಸಿದ. ಕಾಂಟ್ಯಾಕ್ಟ್ ಲೆನ್ಸಿಗೆ ಹಣವಿಲ್ಲ ಎಂದು ಉತ್ತರ ಬಂತು.

"ಕಂತು ತುಂಬಿಸ್ಕೊಳ್ಳೂತನಕ ಅಷ್ಟ ಅವರು ನಮ್ಮವರು," ಎಂದು ಮಲಕಾಜಪ್ಪ ಹೆಂಡತಿ ಗುರುಬಾಯಿಗೆ ಹೇಳಿದ.

"ಇನ್ನೊಂದು ಕಣ್ಣಿಗೆ ಬ್ಯಾಡ ಬಿಡಪ್ಪಾ, ಒಂದರಾಗ ನಡಸ್ತೀನಿ," ಎಂದಳು ಅನುರಾಧಾ.

ಆ ಮಾತು ಅವನನ್ನು ಚುಚ್ಚಿತು. ಮರುದಿನವೇ ಕಾಗದ ಹಿಡಿದು ಕಣ್ಣಿನ ಆಸ್ಪತ್ರೆಯಲ್ಲಿ ವಿಮೆಯ ಕೆಲಸ ನೋಡುವ ಹರ್ಷದಾಳ ಮುಂದೆ ಕುಳಿತ.

"ಕಾಕಾ, ಬಿಲ್ಲಿನ್ಯಾಗ ಬರೇ ಕಾಂಟ್ಯಾಕ್ಟ್ ಲೆನ್ಸ್ ಅಂತ ಅದ ನೋಡ್ರಿ. ಚಷ್ಮಾ ಬ್ಯಾಡಾಗಿ ಶೋಕಿಗೆ ಹಾಕ್ಕೊಂಡಾರ ಅಂತ ತಿಳಕೊಂಡಾರ."

"ಕಣ್ಣ ಕಾಣಂಗಿಲ್ಲವಾ ಆಕಿಗೆ. ಎಲ್ಲೀ ಶೋಕಿ?"

"ನಿಮಗ ಗೊತ್ತು. ಅವರಿಗೆ ಕಾಗದ ಹೇಳಬೇಕಲ್ಲ?"

ಹರ್ಷದಾ ಪಾಲಿಸಿಯನ್ನು ಪೂರ್ತಿ ಓದಿದಳು. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆಗೂ ಅದರಲ್ಲಿ ಹಣವಿತ್ತು. ಕಾಯಿಲೆಯ ಹೆಸರು, ಚಷ್ಮಾ ಹಾಕಿದರೆ ಎಷ್ಟು ಕಾಣುತ್ತದೆ, ಈ ಲೆನ್ಸಿನಿಂದ ಎಷ್ಟು ಎಂದು ಡಾಕ್ಟರಿಂದ ಪತ್ರ ಬರೆಸಿದಳು. ಕಣ್ಣಿನ ಸ್ಕ್ಯಾನನ್ನೂ ಲೆನ್ಸಿನ ಪೂರ್ಣ ಹೆಸರಿದ್ದ ಹೊಸ ಬಿಲ್ಲನ್ನೂ ಜೊತೆಗಿಟ್ಟು ಕಂಪನಿಗೆ ಮತ್ತೆ ಕಳಿಸಿದಳು.

"ಮತ್ತೂ ಒಲ್ಲೆ ಅಂದ್ರ?"

"ಯಾಕ ಅಂತ ಬರದು ಕೊಡ್ರಿ ಅನ್ನೂಣು. ಕಂಪನಿಯ ದೂರು ವಿಭಾಗಕ್ಕ ಹೋಗೂಣು. ಅಲ್ಲೂ ಆಗಲಿಲ್ಲಂದ್ರ ವಿಮಾ ಲೋಕಪಾಲರು, ಅಂದ್ರ ಇನ್ಶೂರೆನ್ಸ್ ಒಂಬುಡ್ಸ್‌ಮನ್, ಅದಾರ. ಅಲ್ಲಿ ಫೀ ಇಲ್ಲರಿ."

ಐದು ವಾರಕ್ಕೆ ಲೆನ್ಸಿನ ಹಣ ಬಂತು. ತೊಳೆಯುವ ದ್ರಾವಣದ ಖರ್ಚು ಮಾತ್ರ ಸಿಗಲಿಲ್ಲ. ಎರಡನೇ ಕಣ್ಣಿಗೆ ಮಲಕಾಜಪ್ಪ ಕೊಳ್ಳುವ ಮೊದಲೇ ಬರಹದಲ್ಲಿ ಒಪ್ಪಿಗೆ ಕೇಳಿದ. ಕಂಪನಿಯ ಒಪ್ಪಿಗೆ ಪತ್ರ ಬಂದಾಗ ಅದನ್ನು ಒಡೆಯದೆ ಮಗಳ ಕೈಗೆ ಕೊಟ್ಟ.

"ನೀನ ಓದವಾ."

ನಿಮ್ಮ ಮನೆಯಲ್ಲೂ ಚಷ್ಮಾದಿಂದ ಸರಿಹೋಗದ ಕಣ್ಣುಗಳಿರಬಹುದು. ಎಲ್ಲ ಪಾಲಿಸಿಗಳೂ ಈ ಲೆನ್ಸಿಗೆ ಹಣ ಕೊಡುವುದಿಲ್ಲ. ನಿಮ್ಮದರಲ್ಲಿ ಏನಿದೆ ಎಂದು ಓದಿಸಿ ನೋಡಿ. ಡಾಕ್ಟರ ಪತ್ರವಿಲ್ಲದೆ ಬಿಲ್ಲು ಕಳಿಸಬೇಡಿ. ಒಮ್ಮೆ ಇಲ್ಲ ಎಂದರೆಂದು ಕಾಗದ ಮಡಚಿಡಬೇಡಿ. ಯಾಕೆ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.