ರೇಡಿಯೊ ಅಕ್ಕನ ರಕ್ತದೊತ್ತಡ

ಠಾಣೆಯ ಮುಂದಿನ ಮೇಜಿನ ಬಳಿ ಕೂರುತ್ತಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಎಲ್ಲರೂ ಇಟ್ಟ ಹೆಸರು ರೇಡಿಯೊ ಅಕ್ಕ. ದೂರು ಕೊಡಲು ಬಂದವರ ಮಂಡಿನೋವು, ಅಳಿಯನ ಕೆಲಸ ಎಲ್ಲ ವಿಚಾರಿಸಿಕೊಂಡೇ ಅವಳು ಕಳ್ಳತನದ ಮಾತಿಗೆ ಬರುತ್ತಿದ್ದಳು. ಅಂಥವಳಿಗೆ ಬಿಪಿ ಏರಿದೆ ಎಂದು ಡಾಕ್ಟರು ಹೇಳಿದಾಗ ಇನ್‌ಸ್ಪೆಕ್ಟರ್ ಸಾಹೇಬರ ಕರುಳು ಚುರುಕ್ಕೆಂದಿತು.

"ಈ ಗಲಾಟೇಲಿ ಇನ್ನೇನಾಗತ್ತಮ್ಮ? ಒಳಗೆ ಮಾಲು ಕೋಣೇಲಿ ಆರಾಮಾಗಿ ಕೂತ್ಕೋ."

ಮಾಲು ಕೋಣೆಯೆಂದರೆ ವಶಪಡಿಸಿಕೊಂಡ ಸಾಮಾನು ಇಡುವ ಜಾಗ. ಚೀಟಿ ಅಂಟಿಸಿಕೊಂಡ ಸೈಕಲ್ಲುಗಳು, ಹಿಡಿ ಮುರಿದ ಕುಕ್ಕರು, ಗುಂಯ್‌ಗುಡುವ ಟ್ಯೂಬ್‌ಲೈಟು. ಅಷ್ಟು ದಿನ ಅಲ್ಲಿ ತಣ್ಣಗಿದ್ದ, ಬಾಯಿಯೇ ಬಿಡದ 'ಬೀಗ' ಎಂಬ ಕಾನ್‌ಸ್ಟೇಬಲ್‌ನನ್ನು ಸಾಹೇಬರು ಅವಳ ಕುರ್ಚಿಗೆ ತಂದು ಕೂರಿಸಿದರು.

ಅಕ್ಕ ಕೂಡಿಟ್ಟ ಮಾತನ್ನೆಲ್ಲ ಮನೆಯಲ್ಲಿ ಸುರಿಯತೊಡಗಿದಳು.

"ಅಮ್ಮಾ, ನಂಗೆ ಪರೀಕ್ಷೆ ಇದೆ. ಕುಕ್ಕರ್ ಜೊತೆ ಮಾತಾಡು ಹೋಗು," ಎಂದಳು ಮಗಳು.

"ಠಾಣೇಲಿ ಅದನ್ನೇ ಮಾಡ್ತಿದೀನಿ ಕಣೇ!"

ಮುಂದಿನ ತಪಾಸಣೆಯಲ್ಲೂ ಬಿಪಿ ಇಳಿಯದಿದ್ದರೆ ಅವಳನ್ನು ಊರಾಚೆಯ ಉಗ್ರಾಣಕ್ಕೆ ಕಾಯಂ ಕಳಿಸುವುದೆಂದು ತೀರ್ಮಾನವಾಗಿತ್ತು. ಅಲ್ಲಿ ಕುಕ್ಕರೂ ಇಲ್ಲ.

ಆ ದಿನ ಡಾಕ್ಟರು ಮಾಲು ಕೋಣೆಗೇ ಬಂದು ತೋಳಿಗೆ ಪಟ್ಟಿ ಸುತ್ತಿ ನೋಡಿದರು. "ಹೋದ ಸಲಕ್ಕಿಂತ ಜಾಸ್ತಿ ಇದೆಯಲ್ಲಮ್ಮ!"

ಅಕ್ಕನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಹೊರಗೆ ಇಬ್ಬರು ಓರಗಿತ್ತಿಯರ ಜಗಳ ಸೂರು ಹಾರಿಸುವಂತೆ ಕೇಳಿಸಿತು. ಬಟ್ಟೆ ಒಣಗಿಸುವ ಹಗ್ಗ ಯಾರದೆಂಬ ಪ್ರಶ್ನೆ. ನಡುವೆ ಬೀಗ ಬೆವರಿನಲ್ಲಿ ತೊಯ್ದು ಕೂತಿದ್ದ. ಅಕ್ಕ ತೋಳಿನ ಪಟ್ಟಿ ಸಮೇತ ಎದ್ದು ಓಡಿದಳು.

"ಏನ್ರಮ್ಮಾ, ಕೂತ್ಕೊಂಡು ಕಿತ್ತಾಡಿ. ನಿಂತ್ರೆ ಕಾಲು ನೋಯತ್ತೆ. ಹಿರಿಯವಳು ಯಾರು?"

"ವಯಸ್ಸಲ್ಲಿ ಇವಳು, ಬುದ್ಧೀಲಿ ನಾನು!"

ಅಕ್ಕ ಮನಸಾರೆ ನಕ್ಕಳು. ಹಿಂದೆಯೇ ಬಂದ ಡಾಕ್ಟರು, ಅವಳು ಹಗ್ಗದ ಪುರಾಣ ಕೇಳುತ್ತಿದ್ದಂತೆಯೇ ಮತ್ತೆ ಅಳೆದರು. ಕಣ್ಣುಜ್ಜಿಕೊಂಡು ಇನ್ನೊಮ್ಮೆ ಅಳೆದರು. ಇಳಿದಿತ್ತು! ಕುತೂಹಲಕ್ಕೆ ಬೀಗನ ತೋಳಿಗೂ ಸುತ್ತಿದರು. ಅವನದು ಏರಿ ಕೂತಿತ್ತು. ಗದ್ದಲ ಕೇಳಿ ಹೊರಬಂದ ಇನ್‌ಸ್ಪೆಕ್ಟರ್ ಸಾಹೇಬರತ್ತ ಡಾಕ್ಟರು ತಿರುಗಿದರು.

"ಸಾಹೇಬ್ರೇ, ಇವ್ರ ಡಬಲ್ ಶಿಫ್ಟ್ ಕಡಿಮೆ ಮಾಡಿ ಅಂದಿದ್ದೆ. ಮಾತು ಕಡಿಮೆ ಮಾಡಿ ಅಂದಿದ್ನಾ?"

ಸಾಹೇಬರು ತಲೆ ಕೆರೆದುಕೊಂಡರು. "ನಂಗೆ ಒಬ್ನೇ ಕೂತ್ರೆ ಹಾಯ್ ಅನ್ಸತ್ತೆ. ಎಲ್ರಿಗೂ ಹಾಗೇ ಅಂದ್ಕೊಂಡೆ."

ಬೀಗ ಆ ಠಾಣೆಯಲ್ಲಿ ಮೊದಲ ಬಾರಿಗೆ ಒಂದು ಪೂರ್ತಿ ವಾಕ್ಯ ಆಡಿದ: "ಅಕ್ಕಾ, ನಿನ್ನ ಕುರ್ಚಿ ನೀನೇ ಇಟ್ಕೊಂಡು ನನ್ನ ಕೋಣೆ ನಂಗೆ ಕೊಟ್ಬಿಡು." ಸಾಹೇಬರು ಹೂಂ ಅನ್ನುವ ಮೊದಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅಕ್ಕ ಕುರ್ಚಿ ಎಳೆದುಕೊಂಡಳು. ಕಿರಿಯ ಓರಗಿತ್ತಿ ಡಾಕ್ಟರ ಮುಂದೆ ತೋಳು ಚಾಚಿದಳು.

"ಜಗಳ ಆಡಿದ್ದು ನಾವು. ನಮ್ಮ ಬಿಪಿ ಯಾರು ನೋಡ್ತಾರೆ?"